ಅಪ್ಪನ ಕೊಲೆಸ್ಟೆರಾಲ್, ಮಗನ ತಟ್ಟೆ

ಅಬ್ಬಿಗೆರೆಯ ಓದುಗರೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ಅವರ ಯಜಮಾನರಿಗೆ 46 ವರ್ಷ. ಕಾರ್ಖಾನೆಯಲ್ಲಿ ನಡೆದ ಆರೋಗ್ಯ ತಪಾಸಣೆಯಲ್ಲಿ ಕೊಲೆಸ್ಟೆರಾಲ್ 242 ಎಂದು ಬಂತಂತೆ. ಸಕ್ಕರೆ ಕಾಯಿಲೆ ಇಲ್ಲ, ರಕ್ತದೊತ್ತಡ ಸರಿಯಾಗಿದೆ, ಬೀಡಿ ಸಿಗರೇಟಿನ ಅಭ್ಯಾಸವೂ ಇಲ್ಲ. ‘ಮೂರು ತಿಂಗಳು ಊಟ ತಿಂಡಿ ಸರಿಮಾಡಿಕೊಳ್ಳಿ, ದಿನಾ ನಡೆಯಿರಿ, ಆಮೇಲೆ ಮಾತ್ರೆಯ ವಿಚಾರ ನೋಡೋಣ’ ಎಂದು ವೈದ್ಯರು ಹೇಳಿ ಕಳಿಸಿದ್ದಾರೆ.

ಅಂದಿನಿಂದ ಆ ಮನೆಯಲ್ಲಿ ಎರಡು ಬಗೆಯ ಅಡುಗೆ. ಯಜಮಾನರಿಗೆ ಒಗ್ಗರಣೆ ಕೂಡ ಇಲ್ಲದ ಸಪ್ಪೆ ಪಲ್ಯ. ದ್ವಿತೀಯ ಪಿಯುಸಿ ಓದುವ ಮಗನಿಗೂ ಒಂಬತ್ತನೆಯ ತರಗತಿಯ ಮಗಳಿಗೂ ಎಂದಿನಂತೆ ಪೂರಿ, ಬೋಂಡ, ತುಪ್ಪ ಸುರಿದ ಅನ್ನ. ‘ಪರೀಕ್ಷೆಯ ವರ್ಷ, ಬೆಳೆಯುವ ಹುಡುಗ, ತಿನ್ನಲಿ ಬಿಡು’ ಎನ್ನುವುದು ಅತ್ತೆಯವರ ವಾದ. ‘ಎರಡು ಅಡುಗೆ ಮಾಡಿ ನನಗೂ ಸಾಕಾಗಿದೆ, ಸಪ್ಪೆ ತಿಂದು ಅವರಿಗೂ ಸಾಕಾಗಿದೆ. ಇನ್ನೆಷ್ಟು ದಿನ ಹೀಗೆ?’ ಎಂದು ಆ ತಾಯಿ ಕೇಳಿದ್ದಾರೆ.

ಅಮ್ಮಾ, ಇನ್ನು ಒಂದು ದಿನವೂ ಬೇಡ. ಮನೆಗೆಲ್ಲ ಒಂದೇ ಅಡುಗೆ ಮಾಡಿ. ಅದು ಯಜಮಾನರಿಗೆ ಹೊಂದುವಂಥದ್ದಾಗಿರಲಿ, ಆದರೆ ರುಚಿಯಾಗಿರಲಿ. ಇದರಿಂದ ನಿಮ್ಮ ಶ್ರಮ ಉಳಿಯುತ್ತದೆ ಎಂಬುದು ಸಣ್ಣ ಲಾಭ. ದೊಡ್ಡ ಲಾಭ ನಿಮ್ಮ ಮಗನದು. ಅದು ಹೇಗೆಂದು ತಿಳಿಯಲು ಮೊದಲು ಪ್ರಯೋಗಾಲಯದ ಆ ವರದಿಯನ್ನೇ ಓದೋಣ.

ವರದಿ ಓದುವ ಬಗೆ

ಪತ್ರದಲ್ಲಿ ಅವರು ನಾಲ್ಕು ಅಂಕಿಗಳನ್ನು ಬರೆದಿದ್ದಾರೆ. ಒಟ್ಟು ಕೊಲೆಸ್ಟೆರಾಲ್ 242, ಎಲ್.ಡಿ.ಎಲ್. 164, ಎಚ್.ಡಿ.ಎಲ್. 36, ಟ್ರೈಗ್ಲಿಸರೈಡ್ 210. ಇವೆಲ್ಲ 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಇದೆ ಎಂಬ ಲೆಕ್ಕ.

ಕೊಲೆಸ್ಟೆರಾಲ್ ವಿಷವಲ್ಲ. ಜೀವಕೋಶಗಳ ಹೊದಿಕೆಗೆ, ಹಲವು ಹಾರ್ಮೋನುಗಳಿಗೆ, ಪಿತ್ತರಸಕ್ಕೆ ಅದು ಬೇಕೇ ಬೇಕು. ಅದರ ಹೆಚ್ಚಿನ ಪಾಲನ್ನು ನಮ್ಮ ದೇಹವೇ ತಯಾರಿಸಿಕೊಳ್ಳುತ್ತದೆ. ಆಹಾರದಿಂದ ನೇರವಾಗಿ ಬರುವುದು ಸಣ್ಣ ಪಾಲು. ಕೊಬ್ಬು ನೀರಿನಲ್ಲಿ ಬೆರೆಯದಷ್ಟೆ. ಹಾಗಾಗಿ ರಕ್ತದಲ್ಲಿ ಅದನ್ನು ಹೊತ್ತು ಸಾಗಿಸಲು ವಾಹನಗಳು ಬೇಕು. ಯಶವಂತಪುರದ ಯಾರ್ಡಿನಿಂದ ಸರಕು ತುಂಬಿಕೊಂಡು ಊರಿಗೆಲ್ಲ ಹೊರಡುವ ಲಾರಿಗಳಂತೆ ಎಲ್.ಡಿ.ಎಲ್. ಕಣಗಳು. ಎಚ್.ಡಿ.ಎಲ್. ಕಣಗಳು ಉಳಿದ ಸರಕನ್ನು ಯಕೃತ್ತಿಗೆ ಹಿಂದಿರುಗಿಸುವ ಕೆಲಸದಲ್ಲಿ ಪಾಲ್ಗೊಳ್ಳುತ್ತವೆ. ಲಾರಿಗಳು ಅಗತ್ಯಕ್ಕಿಂತ ಹೆಚ್ಚಾದರೆ ಸರಕು ದಾರಿಯಲ್ಲಿ, ಅಂದರೆ ರಕ್ತನಾಳದ ಗೋಡೆಯೊಳಗೆ, ಸೇರಿಕೊಳ್ಳತೊಡಗುತ್ತದೆ.

ಈಗ ಒಂದು ಸುಲಭ ಲೆಕ್ಕ. ಒಟ್ಟು ಮೊತ್ತದಿಂದ ಎಚ್.ಡಿ.ಎಲ್. ಅನ್ನು ಕಳೆಯಿರಿ. 242ರಲ್ಲಿ 36 ಹೋದರೆ 206. ನಾಳದ ಗೋಡೆಗೆ ಸೇರಬಲ್ಲ ಎಲ್ಲ ಕಣಗಳಲ್ಲಿರುವ ಕೊಲೆಸ್ಟೆರಾಲಿನ ಮೊತ್ತ ಇದು. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಸೂತ್ರಗಳ ಪ್ರಕಾರ, ಬೇರೆ ತೊಂದರೆಗಳಿಲ್ಲದವರಲ್ಲಿ ಈ ಅಂಕಿ 130ಕ್ಕಿಂತಲೂ ಎಲ್.ಡಿ.ಎಲ್. 100ಕ್ಕಿಂತಲೂ ಕಡಿಮೆ ಇರಬೇಕು. ಸಕ್ಕರೆ ಕಾಯಿಲೆ ಅಥವಾ ಅಧಿಕ ರಕ್ತದೊತ್ತಡದಂಥ ಹೆಚ್ಚಿನ ಅಪಾಯ ಇರುವವರಿಗೆ ಎಲ್.ಡಿ.ಎಲ್. 70ಕ್ಕಿಂತ ಕೆಳಗಿರಬೇಕು.

ಯಜಮಾನರ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಎಚ್.ಡಿ.ಎಲ್. ತಗ್ಗಿದೆ, ಟ್ರೈಗ್ಲಿಸರೈಡ್ ಏರಿದೆ. ಇದು ನಮ್ಮ ದೇಶದಲ್ಲಿ ತೀರ ಸಾಮಾನ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 24ರಷ್ಟು ಜನರಿಗೆ ಒಟ್ಟು ಕೊಲೆಸ್ಟೆರಾಲ್ ಹೆಚ್ಚಿತ್ತು. ಶೇ 32ರಷ್ಟು ಜನರಿಗೆ ಟ್ರೈಗ್ಲಿಸರೈಡ್ ಹೆಚ್ಚಿತ್ತು. ಶೇ 66ಕ್ಕೂ ಹೆಚ್ಚು ಮಂದಿಗೆ ಎಚ್.ಡಿ.ಎಲ್. ಕಡಿಮೆಯಿತ್ತು. ಎಣ್ಣೆಯೊಂದರ ಮೇಲೆ ತಪ್ಪು ಹೊರಿಸುವಂತಿಲ್ಲ. ಬಿಳಿ ಅನ್ನದ ರಾಶಿ, ಮೈದಾ, ಸಕ್ಕರೆ, ಕೂತಲ್ಲೇ ಕೂರುವ ಅಭ್ಯಾಸ, ಹೊಟ್ಟೆಯ ಸುತ್ತಿನ ಬೊಜ್ಜು, ಇವೆಲ್ಲ ಇದರ ಹಿಂದಿವೆ.

ಹದಿನೇಳರಲ್ಲೇ ಶುರು

ಹೃದಯಾಘಾತ ನಡುವಯಸ್ಸಿನವರ ಕಾಯಿಲೆ, ಮಕ್ಕಳಿಗೇಕೆ ಈ ಚಿಂತೆ ಎಂದು ಅನೇಕರು ಕೇಳುತ್ತಾರೆ. ಆಘಾತ ನಡುವಯಸ್ಸಿನಲ್ಲಿ ಬರುವುದು ನಿಜ. ಅದರ ಸಿದ್ಧತೆ ಮಾತ್ರ ಶಾಲಾ ಕಾಲೇಜಿನ ದಿನಗಳಲ್ಲೇ ಆರಂಭವಾಗಿರುತ್ತದೆ.

ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ವೈದ್ಯರು ಪರೀಕ್ಷಿಸಿ 1953ರಲ್ಲಿ ವರದಿ ಪ್ರಕಟಿಸಿದರು. ಆ ಸೈನಿಕರ ಸರಾಸರಿ ವಯಸ್ಸು 22. ಗಟ್ಟಿಮುಟ್ಟಾದ ಆಳುಗಳು. ಆದರೂ ನಾಲ್ವರಲ್ಲಿ ಮೂವರಿಗೂ ಹೆಚ್ಚು ಮಂದಿಯ ಹೃದಯದ ರಕ್ತನಾಳಗಳಲ್ಲಿ ಕಾಯಿಲೆಯ ಗುರುತು ಕಂಡಿತು. ಅಮೆರಿಕದ ಬೊಗಲೂಸ ಎಂಬ ಊರಿನಲ್ಲಿ 1970ರ ದಶಕದಿಂದ ಮಕ್ಕಳ ಆರೋಗ್ಯದ ದಾಖಲೆ ಇಟ್ಟವರು, ಅಪಘಾತ ಮುಂತಾದ ಕಾರಣಗಳಿಂದ ತೀರಿಕೊಂಡ ಮಕ್ಕಳು ಮತ್ತು ತರುಣರಲ್ಲೂ ನಾಳದ ಒಳಗೋಡೆಯಲ್ಲಿ ಕೊಬ್ಬಿನ ಗೆರೆಗಳನ್ನು ಕಂಡರು. ಕೊಲೆಸ್ಟೆರಾಲ್, ರಕ್ತದೊತ್ತಡ, ತೂಕ ಹೆಚ್ಚಿದ್ದವರಲ್ಲಿ ಈ ಗೆರೆಗಳೂ ಹೆಚ್ಚಿದ್ದವು.

ಇದನ್ನು ಬ್ಯಾಂಕಿನ ಆರ್.ಡಿ. ಖಾತೆಯಂತೆ ಎಣಿಸಬಹುದು. ಪ್ರತಿ ತಿಂಗಳ ಕಂತು ಚಿಕ್ಕದೇ. ಇಪ್ಪತ್ತೈದು ವರ್ಷ ತುಂಬಿದಾಗ ಕೈಗೆ ಬರುವ ಮೊತ್ತ ದೊಡ್ಡದು. ಎಲ್.ಡಿ.ಎಲ್. ಎಷ್ಟಿದೆ ಎಂಬುದರ ಜೊತೆಗೆ ಎಷ್ಟು ವರ್ಷಗಳಿಂದ ಅಷ್ಟಿದೆ ಎಂಬುದೂ ಮುಖ್ಯ. ಇದು ತಿರುಗುಮುರುಗಾಗಿಯೂ ನಿಜ. ಅಮೆರಿಕದ ಕಪ್ಪು ಜನರಲ್ಲಿ ಕೆಲವರಿಗೆ ಒಂದು ಜೀನ್ ವ್ಯತ್ಯಾಸದಿಂದಾಗಿ ಹುಟ್ಟಿನಿಂದಲೇ ಎಲ್.ಡಿ.ಎಲ್. ಸುಮಾರು ಶೇ 28ರಷ್ಟು ಕಡಿಮೆ ಇರುವುದು ಪತ್ತೆಯಾಯಿತು. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಂಥವರಿಗೆ ಹೃದಯದ ರಕ್ತನಾಳದ ಕಾಯಿಲೆ ಬರುವ ಸಂಭವ ಶೇ 88ರಷ್ಟು ಕಡಿಮೆ ಎಂದು ಕಂಡುಬಂತು. ಇಳಿಕೆ ಅಲ್ಪವಾದರೂ ಬದುಕಿನುದ್ದಕ್ಕೂ ಇದ್ದರೆ ಫಲ ಬಹಳ ದೊಡ್ಡದು. ನಲವತ್ತಾರರ ಅಪ್ಪ ಮೂರು ತಿಂಗಳು ಪಥ್ಯ ಮಾಡುವುದಕ್ಕಿಂತ, ಹದಿನೇಳರ ಮಗ ಒಳ್ಳೆಯ ಊಟವನ್ನೇ ರೂಢಿ ಮಾಡಿಕೊಂಡರೆ ಗಳಿಸುವುದು ಹೆಚ್ಚು.

ನಮ್ಮವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನದ ಮಾಹಿತಿಯಂತೆ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ ಬರುತ್ತದೆ. ಉಳಿದ ದೇಶಗಳವರಿಗಿಂತ ಸುಮಾರು ಆರು ವರ್ಷ ಮೊದಲು. ಮಕ್ಕಳು ಇನ್ನೂ ಓದುತ್ತಿರುವ, ಮನೆಸಾಲ ತೀರದಿರುವ ವಯಸ್ಸು ಅದು.

2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹಠಾತ್ ಸಾವಿನ ಸುದ್ದಿಗಳು ಬಂದದ್ದು ಓದುಗರಿಗೆ ನೆನಪಿರಬಹುದು. ಅವುಗಳಲ್ಲಿ ಹರೆಯದವರೂ ಇದ್ದರು. ಹೆದರಿದ ಜನ ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಿಂದಲೇ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ವಿಚಾರಿಸಿ ನೋಡಿ, ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಏರಿಲ್ಲ ಎಂದು ವರದಿ ಕೊಟ್ಟಿತು. ತೀರಿಕೊಂಡವರಲ್ಲಿ ಹಲವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನದಂಥ ಹಳೆಯ ಕಾರಣಗಳೇ ಇದ್ದವು. ಒಂದು ದಿನ ಹೆದರಿ ಸಾಲಿನಲ್ಲಿ ನಿಲ್ಲುವುದರಿಂದ ಇಂಥ ಕಾರಣಗಳು ದೂರವಾಗುವುದಿಲ್ಲ. ಅವನ್ನು ಮನೆಯಲ್ಲಿ, ದಿನದಿನವೂ ನಿಭಾಯಿಸಬೇಕು.

ಎಣ್ಣೆ, ತುಪ್ಪ, ತೆಂಗಿನಕಾಯಿ, ಮೊಟ್ಟೆ

ರಕ್ತದ ಎಲ್.ಡಿ.ಎಲ್. ಅನ್ನು ಯಕೃತ್ತು ತನ್ನ ಜೀವಕೋಶಗಳ ಮೇಲಿರುವ ಗ್ರಾಹಕಗಳ ಮೂಲಕ ಹಿಡಿದು ಒಳಗೆಳೆದುಕೊಳ್ಳುತ್ತದೆ. ಈ ಗ್ರಾಹಕಗಳನ್ನು ಕಂಡುಹಿಡಿದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಾವು ಸಂತೃಪ್ತ ಕೊಬ್ಬನ್ನು ಹೆಚ್ಚು ತಿಂದಾಗ ಈ ಗ್ರಾಹಕಗಳ ಕೆಲಸ ತಗ್ಗುತ್ತದೆ, ಎಲ್.ಡಿ.ಎಲ್. ರಕ್ತದಲ್ಲೇ ಉಳಿಯುತ್ತದೆ. ಸಂತೃಪ್ತ ಕೊಬ್ಬನ್ನು ಗುರುತಿಸಲು ಒಂದು ಗೃಹಿಣಿಯ ಉಪಾಯವಿದೆ: ಚಳಿಗಾಲದ ಬೆಳಿಗ್ಗೆ ಡಬ್ಬಿಯಲ್ಲಿ ಗಟ್ಟಿಯಾಗುವಂಥದ್ದು. ತುಪ್ಪ, ಬೆಣ್ಣೆ, ವನಸ್ಪತಿ, ಕೊಬ್ಬರಿ ಎಣ್ಣೆ ಎಲ್ಲವೂ ಈ ಸಾಲಿನವು. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಶೇ 90, ತಾಳೆ ಎಣ್ಣೆಯಲ್ಲಿ ಅರ್ಧದಷ್ಟು ಸಂತೃಪ್ತ ಕೊಬ್ಬು. ಕಡಲೆಕಾಯಿ ಎಣ್ಣೆಯಲ್ಲಿ ಐದನೇ ಒಂದು ಪಾಲಿನಷ್ಟು, ಸೂರ್ಯಕಾಂತಿಯಲ್ಲಿ ಅದಕ್ಕಿಂತಲೂ ಕಡಿಮೆ. ಗಾಣದಲ್ಲಿ ಆಡಿಸಿದ್ದಾದರೂ ಕೊಬ್ಬರಿ ಎಣ್ಣೆಯ ಈ ಗುಣ ಬದಲಾಗದು. ‘ಕೊಲೆಸ್ಟೆರಾಲ್ ಇಲ್ಲ’ ಎಂಬ ಪ್ಯಾಕೆಟ್ಟಿನ ಬರಹಕ್ಕೂ ಮರುಳಾಗಬೇಡಿ. ಗಿಡಮರಗಳಿಂದ ಬರುವ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟೆರಾಲ್ ಇರುವುದಿಲ್ಲ.

ಎಷ್ಟು ಎಣ್ಣೆ ಸಾಕು? ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರಲ್ಲಿ ಕೊಟ್ಟ ಮಾದರಿ ಊಟದ ತಟ್ಟೆಯಲ್ಲಿ ಒಬ್ಬ ವಯಸ್ಕರಿಗೆ ದಿನಕ್ಕೆ ಸುಮಾರು 27 ಗ್ರಾಂ, ಅಂದರೆ ಆರು ಟೀ ಚಮಚ ಎಣ್ಣೆ ತುಪ್ಪ ಇದೆ. ಈ ಲೆಕ್ಕದಲ್ಲಿ ನಾಲ್ವರ ಮನೆಗೆ ತಿಂಗಳಿಗೆ ತುಪ್ಪ ಬೆಣ್ಣೆಯೂ ಸೇರಿ ಮೂರೂವರೆ ಲೀಟರ್ ಆಯಿತು. ಹಿಂದಿನ ತಿಂಗಳ ದಿನಸಿ ಚೀಟಿ ತೆಗೆದು ನೋಡಿ. ಹೆಚ್ಚಿನ ಮನೆಗಳಲ್ಲಿ ಸಮಸ್ಯೆ ಅಲ್ಲೇ ಕಾಣುತ್ತದೆ. ಬಾಟಲಿಯಿಂದ ಬಾಣಲೆಗೆ ನೇರವಾಗಿ ಸುರಿಯುವ ಬದಲು ಚಮಚದಲ್ಲಿ ಅಳೆದು ಹಾಕಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ತೆಂಗಿನಕಾಯಿ ಬಿಡಬೇಕೆ? ಪೂರ್ತಿ ಬೇಡ. ಚಟ್ನಿಗೆ ಅರ್ಧ ಹೋಳಿನ ಜಾಗದಲ್ಲಿ ಕಾಲು ಹೋಳು ಹಾಕಿ ಉಳಿದದ್ದಕ್ಕೆ ಹುರಿಗಡಲೆ ಸೇರಿಸಿ. ಬಿಸಿ ಅನ್ನಕ್ಕೆ ಅತ್ತೆಯವರು ಬಡಿಸುವ ತುಪ್ಪ ಚಿಕ್ಕ ಚಮಚದಲ್ಲಿ ಒಂದಾದರೆ ಜಗಳ ಬೇಡ. ಹಂಡೆಯಂತೆ ಸುರಿಯುವುದಷ್ಟೇ ನಿಲ್ಲಲಿ. ಹಾಲಿನಲ್ಲೂ ಆಯ್ಕೆಯಿದೆ. ನಂದಿನಿಯ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಶೇ 3, ‘ಸಮೃದ್ಧಿ’ಯಲ್ಲಿ ಶೇ 6 ಕೊಬ್ಬು. ಆದರೆ ಎರಡು ವರ್ಷದೊಳಗಿನ ಮಕ್ಕಳಿಗೆ ಕೊಬ್ಬು ಕಡಿಮೆ ಮಾಡಲೇಬಾರದು. ಬೆಳೆಯುವ ದೊಡ್ಡ ಮಕ್ಕಳಿಗೂ ಹೊಟ್ಟೆ ತುಂಬ ಊಟ ಬೇಕು. ಕೊಬ್ಬಿನ ಬಗೆ ಬದಲಾಗಲಿ, ಹಸಿವು ಉಳಿಯದಿರಲಿ.

ಮೊಟ್ಟೆಯ ಬಗ್ಗೆ ತಾಯಂದಿರು ಅನಗತ್ಯವಾಗಿ ಹೆದರುತ್ತಾರೆ. ನಮ್ಮ ಸರಕಾರಿ ಶಾಲೆಗಳ ಮಕ್ಕಳಿಗೆ ಮೊಟ್ಟೆ ಕೊಡಲು ಆರಂಭವಾದಾಗಲೂ ಈ ಪ್ರಶ್ನೆ ಬಂದಿತ್ತು. ಒಂದು ಹಳದಿಯಲ್ಲಿ ಸುಮಾರು 190 ಮಿ.ಗ್ರಾಂ ಕೊಲೆಸ್ಟೆರಾಲ್ ಇರುವುದು ನಿಜವಾದರೂ, ಆರೋಗ್ಯವಂತ ಮಕ್ಕಳ ರಕ್ತದಲ್ಲಿ ಅದರಿಂದ ಆಗುವ ಏರಿಕೆ ಅಲ್ಪ. ಬೇಯಿಸಿದ ಮೊಟ್ಟೆ ಒಳ್ಳೆಯ ಆಹಾರ. ಎಲ್.ಡಿ.ಎಲ್. ಹೆಚ್ಚಿರುವ ದೊಡ್ಡವರು ಹಳದಿಯನ್ನು ಮಿತಿಯಲ್ಲಿಡಬಹುದು.

ನಿಜವಾಗಿ ಹೆದರಬೇಕಾದದ್ದು ಟ್ಯೂಷನ್ ಮುಗಿಸಿ ಬರುವ ದಾರಿಯ ಬೇಕರಿಗೆ. ಪಫ್ಸಿನ ಪದರ ಪದರದ ನಡುವೆಯೂ ಗಟ್ಟಿ ಕೊಬ್ಬನ್ನು ಸವರಿರುತ್ತಾರೆ. ಪದರ ಬಿಡುವುದೇ ಅದರಿಂದ. ಎಲ್.ಡಿ.ಎಲ್. ಏರಿಸಿ ಎಚ್.ಡಿ.ಎಲ್. ಇಳಿಸುವ ‘ಟ್ರಾನ್ಸ್’ ಕೊಬ್ಬಿಗೆ ಸರಕಾರ 2022ರಿಂದ ಶೇ 2ರ ಮಿತಿ ಹಾಕಿದೆ. ಅದು ದೊಡ್ಡ ಹೆಜ್ಜೆ. ಆದರೂ ಪಫ್ಸ್, ಕ್ರೀಮ್ ಬನ್, ಬೆಣ್ಣೆ ಬಿಸ್ಕತ್ತುಗಳಲ್ಲಿ ಸಂತೃಪ್ತ ಕೊಬ್ಬು, ಮೈದಾ, ಸಕ್ಕರೆ ಮೂರೂ ಒಟ್ಟಿಗಿರುತ್ತವೆ. ವಾರಕ್ಕೊಮ್ಮೆ ಗೆಳೆಯರ ಜೊತೆ ತಿಂದರೆ ಲೋಕ ಮುಳುಗದು. ದಿನದ ತಿಂಡಿಯಾಗಬಾರದು.

ಕೊಲೆಸ್ಟೆರಾಲ್ ಇಳಿಸುವ ಅಡುಗೆ

ಬಿಡಬೇಕಾದ್ದನ್ನಷ್ಟೇ ಹೇಳಿದರೆ ಯಾವ ಪಥ್ಯವೂ ನಿಲ್ಲುವುದಿಲ್ಲ. ಸೇರಿಸಬೇಕಾದ್ದು ಬಹಳವಿದೆ, ಅದೂ ನಮ್ಮ ಅಡುಗೆಮನೆಯದೇ.

ಕಾಳು, ತರಕಾರಿ, ಹಣ್ಣುಗಳಲ್ಲಿ ನೀರಿನಲ್ಲಿ ಲೋಳೆಯಾಗುವ ನಾರಿನ ಅಂಶವಿದೆ. ಬೆಂಡೆಕಾಯಿ ಹೆಚ್ಚುವಾಗ, ಮೆಂತ್ಯ ನೆನೆಸಿದಾಗ ಕೈಗೆ ಅಂಟುವುದೇ ಅದು. ಕರುಳಿನಲ್ಲಿ ಇದು ಪಿತ್ತರಸವನ್ನು ಹಿಡಿದು ಮಲದ ಜೊತೆ ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸ ಮಾಡಲು ಯಕೃತ್ತಿಗೆ ಕೊಲೆಸ್ಟೆರಾಲ್ ಬೇಕು. ಅದನ್ನು ಅದು ರಕ್ತದಿಂದ ಸೆಳೆದುಕೊಳ್ಳುತ್ತದೆ.

ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಕೊಲೆಸ್ಟೆರಾಲ್ ಹೆಚ್ಚಿದ್ದ 46 ಜನರ ಮೇಲೆ ನಡೆಸಿದ ಒಂದು ತಿಂಗಳ ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಓಟ್ಸ್, ಬಾರ್ಲಿ, ಬೆಂಡೆ, ಬದನೆ, ಸೋಯಾ, ಬಾದಾಮಿ ಮುಂತಾದವನ್ನು ಒಟ್ಟುಗೂಡಿಸಿದ ಊಟ ಉಂಡವರ ಎಲ್.ಡಿ.ಎಲ್. ಸುಮಾರು ಶೇ 29ರಷ್ಟು ಇಳಿಯಿತು. ಮಾತ್ರೆ ನುಂಗಿದವರಲ್ಲಿ ಸುಮಾರು ಶೇ 31. ಆ ಪ್ರಯೋಗದಲ್ಲಿ ಊಟವನ್ನು ಸಿದ್ಧಪಡಿಸಿ ಕೊಟ್ಟಿದ್ದರು. ಮುಂದೆ ಜನರಿಗೆ ಬರೀ ಸಲಹೆ ಕೊಟ್ಟು ಮನೆಯಲ್ಲೇ ಮಾಡಿಕೊಳ್ಳಲು ಬಿಟ್ಟಾಗ ಇಳಿಕೆ ಶೇ 13ರ ಆಸುಪಾಸಿಗೆ ಬಂತು. ಯಾವ ಒಂದು ಪದಾರ್ಥಕ್ಕೂ ಇಲ್ಲಿ ಜಾದೂ ಇರಲಿಲ್ಲ. ಬೆಳ್ಳುಳ್ಳಿ ಎಸಳು, ನಿಂಬೆನೀರು ಎಂದು ಒಂದೊಂದರ ಹಿಂದೆ ಓಡುವವರು ಇದನ್ನು ಗಮನಿಸಬೇಕು. ನಾಲ್ಕಾರು ಚಿಕ್ಕ ಬದಲಾವಣೆ ಸೇರಿ ದೊಡ್ಡದಾಯಿತು, ಬಿಡದೆ ಪಾಲಿಸಿದವರಿಗೆ ಹೆಚ್ಚು ಸಿಕ್ಕಿತು.

ನಮ್ಮ ಮನೆಗಳಿಗೆ ಇದನ್ನು ಹೀಗೆ ಒಗ್ಗಿಸಬಹುದು. ಬೆಳಿಗ್ಗೆ ಪೂರಿಯ ಬದಲು ಇಡ್ಲಿ, ಸಾಕಷ್ಟು ತರಕಾರಿ ಹಾಕಿದ ಉಪ್ಪಿಟ್ಟು ಅಥವಾ ರಾಗಿ ರೊಟ್ಟಿ. ಮಧ್ಯಾಹ್ನದ ಡಬ್ಬಿಯಲ್ಲಿ ಅನ್ನದಷ್ಟೇ ಪಲ್ಯ, ಜೊತೆಗೆ ಹೆಸರುಬೇಳೆ ಕೋಸಂಬರಿ. ಸಂಜೆ ಹಸಿದು ಬರುವ ಹುಡುಗನಿಗೆ ಕಡಲೆಕಾಳಿನ ಉಸಲಿ, ಬೇಯಿಸಿದ ಕಡಲೆಕಾಯಿ, ಸೀಬೆಹಣ್ಣು. ರಾತ್ರಿ ಮುದ್ದೆಗೆ ಹುರುಳಿಕಾಳಿನ ಸಾರು ಅಥವಾ ಸೊಪ್ಪಿನ ಬಸ್ಸಾರು. ಉತ್ತರ ಕರ್ನಾಟಕದ ಅಗಸಿ ಚಟ್ನಿಪುಡಿಗೆ ಊಟದಲ್ಲಿ ಒಂದು ಜಾಗ ಕೊಡಿ. ಒಗ್ಗರಣೆ ಬಿಡಬೇಕಿಲ್ಲ, ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು ಚೆನ್ನಾಗಿಯೇ ಘಮಘಮಿಸುತ್ತವೆ. ಯಜಮಾನರಿಗೆ ಸಪ್ಪೆ ಊಟದ ಶಿಕ್ಷೆಯೂ ತಪ್ಪುತ್ತದೆ.

ಮನೆ ಮನೆಯ ಅಡುಗೆ ಬದಲಾದರೆ ಇಡೀ ಸೀಮೆಯೇ ಬದಲಾಗಬಲ್ಲದು. ಫಿನ್ಲೆಂಡಿನ ಉತ್ತರ ಕರೇಲಿಯಾದಲ್ಲಿ ಹೃದಯಾಘಾತದಿಂದ ದುಡಿಯುವ ವಯಸ್ಸಿನ ಗಂಡಸರು ಸಾಯುತ್ತಿದ್ದುದನ್ನು ತಾಳಲಾರದೆ ಅಲ್ಲಿನ ಜನ ಸರಕಾರದ ನೆರವು ಕೇಳಿದರು. 1972ರಲ್ಲಿ ಡಾ. ಪೆಕ್ಕಾ ಪುಸ್ಕಾ ಅವರ ನೇತೃತ್ವದಲ್ಲಿ ಕೆಲಸ ಶುರುವಾಯಿತು. ಗೃಹಿಣಿಯರ ಸಂಘಗಳು ಹಳ್ಳಿಹಳ್ಳಿಯಲ್ಲಿ ಕಡಿಮೆ ಬೆಣ್ಣೆ, ಹೆಚ್ಚು ತರಕಾರಿಯ ಅಡುಗೆ ಮಾಡಿ ಉಣಬಡಿಸಿದವು. ಯಾವ ಹಳ್ಳಿಯ ಕೊಲೆಸ್ಟೆರಾಲ್ ಹೆಚ್ಚು ಇಳಿಯುತ್ತದೆಂದು ಪಂದ್ಯಗಳೂ ನಡೆದವು. ಸುಮಾರು ನಲವತ್ತು ವರ್ಷಗಳಲ್ಲಿ ಆ ವಯಸ್ಸಿನ ಗಂಡಸರ ಹೃದಯಾಘಾತದ ಸಾವು ಐದರಲ್ಲಿ ನಾಲ್ಕು ಪಾಲು ಇಳಿಯಿತು.

ಕೂತು ಓದುವ ಮಕ್ಕಳಿಗೆ

ವಿದ್ಯಾರ್ಥಿ ಮಿತ್ರರೇ, ಇನ್ನು ನಿಮಗೆ ಎರಡು ಮಾತು. ಕಾಲೇಜು, ಟ್ಯೂಷನ್, ಸಿಇಟಿ ತಯಾರಿ, ನಡುವೆ ಮೊಬೈಲು ಎಂದು ದಿನಕ್ಕೆ ಹತ್ತು ಹನ್ನೆರಡು ಗಂಟೆ ಕೂತಿರುತ್ತೀರಿ. ನಿಮ್ಮ ವಯಸ್ಸಿಗೆ ದಿನಕ್ಕೆ ಸರಾಸರಿ ಒಂದು ಗಂಟೆ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ. ವ್ಯಾಯಾಮ ಎಲ್.ಡಿ.ಎಲ್. ಅನ್ನು ಹೆಚ್ಚೇನೂ ಇಳಿಸದು. ಟ್ರೈಗ್ಲಿಸರೈಡ್ ಇಳಿಸಲು, ಎಚ್.ಡಿ.ಎಲ್. ಸ್ವಲ್ಪ ಏರಿಸಲು, ಹೊಟ್ಟೆ ಕರಗಿಸಲು ಅದು ಬೇಕು. ಎರಡು ನಿಲ್ದಾಣ ಮೊದಲೇ ಬಸ್ಸಿಳಿದು ನಡೆಯಿರಿ. ಸಂಜೆ ಅಪ್ಪನನ್ನೂ ಕರೆದುಕೊಂಡು ಹೊರಡಿ. ಓದಿಗೆ ಅರ್ಧ ಗಂಟೆ ನಷ್ಟವಾಗುವುದಿಲ್ಲ, ತಲೆ ಹಗುರಾಗುತ್ತದೆ.

ತಂಪು ಪಾನೀಯದ 300 ಮಿ.ಲೀ. ಬಾಟಲಿಯಲ್ಲಿ ಸುಮಾರು ಏಳು ಚಮಚ ಸಕ್ಕರೆ ಇರುತ್ತದೆ. ಇಂಥ ಸಕ್ಕರೆ ಯಕೃತ್ತಿನಲ್ಲಿ ಟ್ರೈಗ್ಲಿಸರೈಡ್ ಆಗಿ ಮಾರ್ಪಡುತ್ತದೆ. ಸಿ.ಬಿ.ಎಸ್.ಇ. 2025ರಲ್ಲಿ ತನ್ನ ಶಾಲೆಗಳಿಗೆ ‘ಸಕ್ಕರೆ ಫಲಕ’ವನ್ನೂ ‘ಎಣ್ಣೆ ಫಲಕ’ವನ್ನೂ ಹಾಕಲು ಸೂಚಿಸಿತು. ಅಂಥದ್ದೊಂದನ್ನು ನಿಮ್ಮ ಅಡುಗೆಮನೆಯ ಗೋಡೆಗೂ ನೀವೇ ಬರೆದು ಅಂಟಿಸಬಹುದು.

ಸಿಗರೇಟಿನ ಬಗ್ಗೆ ಸಂದೇಹ ಬೇಡ. ಬೆಂಗಳೂರಿನಲ್ಲೇ ಹೃದಯಾಘಾತವಾದ 200 ಜನರನ್ನೂ ಆಗದ 200 ಜನರನ್ನೂ ಹೋಲಿಸಿದ ಅಧ್ಯಯನವೊಂದು 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಲ್ಲಕ್ಕಿಂತ ಮುಖ್ಯವಾದ ಕಾರಣವಾಗಿ ಕಂಡದ್ದು ಬೀಡಿ ಸಿಗರೇಟು. ಕರ್ನಾಟಕದಲ್ಲಿ 2025ರಿಂದ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ.

ಮೂರು ತಿಂಗಳ ನಂತರ

ಊಟ ಬದಲಿಸಿ, ನಡೆದು, ಹೆಚ್ಚಿನ ತೂಕ ಇಳಿಸಿದರೆ ಎಲ್.ಡಿ.ಎಲ್. ಸಾಮಾನ್ಯವಾಗಿ ಶೇ 10ರಿಂದ 20ರಷ್ಟು ಇಳಿಯುತ್ತದೆ. 164 ಇದ್ದದ್ದು 140ಕ್ಕೆ ಬರಬಹುದು. ಟ್ರೈಗ್ಲಿಸರೈಡ್ ಇನ್ನೂ ಚೆನ್ನಾಗಿ ತಗ್ಗಬಹುದು. ಅಷ್ಟು ಸಾಲದಿದ್ದರೆ ವೈದ್ಯರು ಸ್ಟ್ಯಾಟಿನ್ ಮಾತ್ರೆ ಕೊಡುತ್ತಾರೆ. ಪಥ್ಯದಲ್ಲಿ ಸೋತೆವೆಂದು ಬೇಸರಪಡಬೇಕಿಲ್ಲ. ಮಾತ್ರೆ ಬಂತೆಂದು ಪಫ್ಸಿಗೆ ಮರಳಬಾರದು. ಅಂಕಿ ಇಳಿಯಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಲೂಬಾರದು. ಥೈರಾಯ್ಡ್ ಗ್ರಂಥಿಯ ಕೆಲಸ ಮಂದವಾದರೂ ಕೊಲೆಸ್ಟೆರಾಲ್ ಏರುವುದರಿಂದ ಆ ಪರೀಕ್ಷೆಯನ್ನೂ ಒಮ್ಮೆ ಮಾಡಿಸುವುದು ಒಳ್ಳೆಯದು.

ಕೆಲವು ಮನೆಗಳಲ್ಲಿ ಅಡುಗೆಯಿಂದ ಮಾತ್ರ ಏನೂ ಸಾಗದು. ಸುಮಾರು 250 ಜನರಲ್ಲಿ ಒಬ್ಬರಿಗೆ ಆ ಎಲ್.ಡಿ.ಎಲ್. ಗ್ರಾಹಕಗಳ ದೋಷ ಹುಟ್ಟಿನಿಂದಲೇ ಇರುತ್ತದೆ. ಸಣಕಲಾಗಿದ್ದರೂ, ಶುದ್ಧ ಸಸ್ಯಾಹಾರಿಯಾಗಿದ್ದರೂ ಅವರ ಎಲ್.ಡಿ.ಎಲ್. 190 ದಾಟಿರುವುದು ಸಾಮಾನ್ಯ. ಅವರ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಕುಟುಂಬದಲ್ಲಿ ಗಂಡಸರಿಗೆ 55 ತುಂಬುವ ಮೊದಲು ಅಥವಾ ಹೆಂಗಸರಿಗೆ 65ರ ಮೊದಲು ಹೃದಯಾಘಾತ ಆಗಿದ್ದರೆ ಮಕ್ಕಳ ರಕ್ತಪರೀಕ್ಷೆಯನ್ನು ತಡಮಾಡಬೇಡಿ. ಇಂಥವರಿಗೆ ಚಿಕ್ಕಂದಿನಲ್ಲೇ ಔಷಧ ಬೇಕಾಗಬಹುದು.

ಉಳಿದವರೂ 18 ತುಂಬಿದಾಗ ಒಮ್ಮೆ ಕೊಲೆಸ್ಟೆರಾಲ್ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಹೃದ್ರೋಗ ತಜ್ಞರ ಸಂಘದ 2024ರ ಸೂತ್ರಗಳು ಹೇಳುತ್ತವೆ. ಈ ಮೊದಲ ಪರೀಕ್ಷೆಗೆ ಉಪವಾಸ ಇರಲೇಬೇಕೆಂದೂ ಇಲ್ಲ. ಮತದಾರರ ಪಟ್ಟಿಗೆ ಹೆಸರು ಸೇರಿಸಲು, ವಾಹನದ ಲೈಸೆನ್ಸ್ ಮಾಡಿಸಲು ನೆನಪಿಟ್ಟುಕೊಳ್ಳುವ ವಯಸ್ಸದು. ಆ ಪಟ್ಟಿಯಲ್ಲಿ ಇದನ್ನೂ ಬರೆದುಕೊಳ್ಳಿ, ವರದಿ ಬಂದ ದಿನ ಒಟ್ಟು ಮೊತ್ತದಿಂದ ಎಚ್.ಡಿ.ಎಲ್. ಕಳೆದು ನೋಡಿ, ಆ ಹಾಳೆಯನ್ನು ಮಾರ್ಕ್ಸ್ ಕಾರ್ಡುಗಳ ಜೊತೆಗೇ ಜೋಪಾನವಾಗಿ ಇಡಿ.